ಯಾರೂ ನೋಡದ ಸಾಲು

ಹೋದ ವರ್ಷ ರಾಜರಾಜೇಶ್ವರಿನಗರದಲ್ಲೇ ಆರ್ಚ್ ಹತ್ತಿರದ ಮನೆ ಬಿಟ್ಟು ಐಡಿಯಲ್ ಹೋಮ್ಸ್ ಕಡೆ ಶಿಫ್ಟ್ ಆದೆ. ಹೊಸ ಮನೆಯ ಅಡುಗೆಮನೆ ಡ್ರಾಯರ್‌ನಲ್ಲಿ ಹಿಂದೆ ಬಾಡಿಗೆಗಿದ್ದವರ ಆಧಾರ್ ಜೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಸಿಕ್ಕವು. ಪೇಂಟಿಂಗ್ ಖರ್ಚು ಅಂತ ಓನರ್ ಅವರ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡಿದ್ದರಂತೆ. ಗೋಡೆಗೆ ಬಣ್ಣವೇನೋ ಬಂದಿತ್ತು. ಡ್ರಾಯರ್ ಎಳೆದು ನೋಡಿದವರಿರಲಿಲ್ಲ.

ನಾನು ಸಿ ಭಾಷೆಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು, ನನಗೆ ನೆನಪಾಗಿದ್ದು ಸ್ಟ್ಯಾಕ್. ಒಂದು ಫಂಕ್ಷನ್ ಓಡುವಾಗ ಅದರ ಲೋಕಲ್ ವೇರಿಯಬಲ್‌ಗಳಿಗೆ ಅಲ್ಲಿ ಒಂದಿಷ್ಟು ಜಾಗ ಸಿಗುತ್ತೆ. ಕೆಲಸ ಮುಗಿಸಿ ಅದು ಹೊರಟರೆ ಜಾಗ ಖಾಲಿ ಅಂತ ಲೆಕ್ಕ, ಆದರೆ ಯಾರೂ ಗುಡಿಸಲ್ಲ. ಸ್ಟ್ಯಾಕ್ ಪಾಯಿಂಟರ್ ಸರಿಯುತ್ತೆ ಅಷ್ಟೆ. ಮುಂದಿನ ಫಂಕ್ಷನ್ ಬಂದು ಮೇಲೆ ಬರೆಯೋವರೆಗೂ ಹಳೆಯ ಬೈಟುಗಳು ಅಲ್ಲೇ ಬಿದ್ದಿರುತ್ತವೆ.

ಅದಕ್ಕೇ ಪಾಸ್‌ವರ್ಡ್ ಇಟ್ಟ ಬಫರ್‌ಗೆ ಹೊರಡುವ ಮುಂಚೆ ಮೆಮ್‌ಸೆಟ್ ಕರೆದು ಸೊನ್ನೆ ತುಂಬಿಸೋದು ರೂಢಿ. ಆಪ್ಟಿಮೈಸೇಶನ್ ಆನ್ ಮಾಡಿದರೆ ಜಿಸಿಸಿ, ಕ್ಲ್ಯಾಂಗ್ ಎರಡೂ ಆ ಸಾಲನ್ನೇ ಎತ್ತಿ ಹಾಕಬಹುದು. ಇದಕ್ಕೆ ಡೆಡ್ ಸ್ಟೋರ್ ಎಲಿಮಿನೇಶನ್ ಅಂತ ಹೆಸರು. ಬರೆದದ್ದನ್ನು ಮುಂದೆ ಯಾರೂ ಓದಲ್ಲ ಅಂದಮೇಲೆ ಬರೆಯೋದೇ ದಂಡ, ಅನ್ನೋ ವಾದ. ಸಿ ಸ್ಟ್ಯಾಂಡರ್ಡ್ ಪ್ರಕಾರ ಇದು ತಪ್ಪೂ ಅಲ್ಲ. ಹೊರಗೆ ಕಾಣುವ ವರ್ತನೆ ಬದಲಾಗದಿದ್ದರೆ ಸಾಕು, ಒಳಗೆ ಕಂಪೈಲರ್ ಏನು ಬೇಕಾದರೂ ಮಾಡಬಹುದು.

ಹಳೆಯ ಕಂಪನಿಯೊಂದರಲ್ಲಿ ನನ್ನ ಟೀಮಿಗೆ ಹೊಸದಾಗಿ ಸೇರಿದ್ದ ಜೂನಿಯರ್ ಒಬ್ಬಳು ವೊಲಟೈಲ್ ಪಾಯಿಂಟರ್ ಇಟ್ಟು ಬಫರನ್ನು ಒಂದೊಂದೇ ಬೈಟ್ ಅಳಿಸುವ ಲೂಪ್ ಬರೆದಿದ್ದಳು. ರಿವ್ಯೂನಲ್ಲಿ ನಾನು, "ಇಷ್ಟುದ್ದ ಯಾಕೆ? ಮೆಮ್‌ಸೆಟ್ ಇದೆಯಲ್ಲ" ಅಂದೆ. "ಬೇಕಂತಲೇ ಹಾಗೆ ಬರ್ದಿದೀನಿ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಬದಲಾಯಿಸಿದಳು. ಡೀಬಗ್ ಬಿಲ್ಡ್‌ನಲ್ಲಿ ಟೆಸ್ಟ್ ಪಾಸಾಯ್ತು, ಅಲ್ಲಿ ಆಪ್ಟಿಮೈಸೇಶನ್ ಇರಲಿಲ್ಲವಲ್ಲ. ಕೆಲವು ತಿಂಗಳಾದ ಮೇಲೆ ಗ್ರಾಹಕರೊಬ್ಬರ ಸರ್ವರ್ ಕ್ರ್ಯಾಶ್ ಆಗಿ ಕೋರ್ ಡಂಪ್ ಬಂತು. ತೆರೆದು ನೋಡಿದರೆ ಪಾಸ್‌ವರ್ಡ್ ಅಕ್ಷರ ಅಕ್ಷರ ಓದಬಹುದಿತ್ತು.

ಕಂಪೈಲರನ್ನು ಬೈದೆ. ಎಲ್ಲರೂ ಮೊದಲು ಮಾಡೋದು ಅದನ್ನೇ. 2009ರಲ್ಲಿ ಲಿನಕ್ಸ್ ಕರ್ನಲ್‌ನ ಒಂದು ನೆಟ್‌ವರ್ಕ್ ಡ್ರೈವರ್‌ನಲ್ಲೂ ಹೀಗೇ ಆಗಿತ್ತು. ಪಾಯಿಂಟರನ್ನು ಮೊದಲು ಬಳಸಿ, ಆಮೇಲೆ ಅದು ನಲ್ಲಾ ಅಂತ ಕೇಳಿದ್ದರು. ಬಳಸಿ ಆಗಿದೆ ಅಂದಮೇಲೆ ನಲ್ ಇರೋಕೆ ಸಾಧ್ಯವಿಲ್ಲ ಅಂತ ಜಿಸಿಸಿ ಆ ಚೆಕ್ಕನ್ನೇ ತೆಗೆದುಹಾಕಿತು. ಅದರಿಂದ ರೂಟ್ ಅಧಿಕಾರ ಪಡೆಯೋ ದಾರಿ ತೆರೆಯಿತು. ಆದರೆ ಅಲ್ಲಿ ಪ್ರೋಗ್ರಾಮರ್ ತಪ್ಪು ಮಾಡಿದ್ದ, ಸಾಲುಗಳು ಹಿಂದುಮುಂದಾಗಿದ್ದವು. ಮೆಮ್‌ಸೆಟ್ ಬರೆದವನ ತಪ್ಪೇನು? ಅಳಿಸು ಅಂದ. "ಯಾರೂ ನೋಡದಿದ್ದರೂ ಅಳಿಸು" ಅನ್ನೋಕೆ ಸ್ಟ್ಯಾಂಡರ್ಡ್‌ನಲ್ಲಿ ನೇರ ಮಾತೇ ಇರಲಿಲ್ಲ. ಸಿ11ರಲ್ಲಿ ಮೆಮ್‌ಸೆಟ್-ಎಸ್ ಬಂತು, ಅದೂ ಐಚ್ಛಿಕವಾಗಿ. ಓಪನ್‌ಬಿಎಸ್‌ಡಿಯವರ ಎಕ್ಸ್‌ಪ್ಲಿಸಿಟ್-ಬಿಝೀರೋ 2017ರಲ್ಲಿ ಜಿಲಿಬ್‌ಸಿಗೆ ಸೇರಿತು. ಕಡ್ಡಾಯವಾಗಿ ಇರಲೇಬೇಕಾದ ಮೆಮ್‌ಸೆಟ್-ಎಕ್ಸ್‌ಪ್ಲಿಸಿಟ್‌ಗೆ ಸಿ23ರವರೆಗೆ ಕಾಯಬೇಕಾಯ್ತು. 1970ರ ದಶಕದ ಭಾಷೆ ಮಾರಾಯ್ರೆ! ಇದೂ ನಾವು ಹೆಸರು ಹೇಳಿದ ಬಫರನ್ನಷ್ಟೇ ಅಳಿಸುತ್ತೆ. ಕಂಪೈಲರ್ ತನ್ನ ಅನುಕೂಲಕ್ಕೆ ರಿಜಿಸ್ಟರ್‌ನಲ್ಲೋ ಸ್ಟ್ಯಾಕ್‌ನ ಇನ್ನೊಂದು ಮೂಲೆಯಲ್ಲೋ ಪ್ರತಿ ಇಟ್ಟುಕೊಂಡಿದ್ದರೆ ಅದಕ್ಕೆ ಇದು ತಾಗಲ್ಲ.

ಹಾಗಂತ ಭಾಷೆಯ ಮೇಲೆ ಹಾಕಿ ನಾನು ಕೈತೊಳೆದುಕೊಳ್ಳೋ ಹಾಗಿಲ್ಲ. ಆ ಹುಡುಗಿ ಇರುವ ಭಾಷೆಯಲ್ಲೇ ಅದನ್ನ ಹೇಳೋಕೆ ದಾರಿ ಹುಡುಕಿದ್ದಳು. ಅದು ಉಪಯೋಗವಿಲ್ಲದ ಉದ್ದ ಅಂತ ಕಂಡಿದ್ದು ಕಂಪೈಲರ್‌ಗಲ್ಲ, ನನಗೆ. ಆಪ್ಟಿಮೈಸೇಶನ್ ಶುರುವಾಗಿದ್ದೇ ರಿವ್ಯೂನಲ್ಲಿ. ಕಂಪೈಲರ್‌ಗೆ ಉದ್ದೇಶ ಏನು ಅಂತ ಕೇಳೋಕೆ ಬರಲ್ಲ, ನನಗೆ ಬರುತ್ತಿತ್ತು.

ಇದನ್ನ ಅವಳ ಹತ್ತಿರ ಹೇಳಿದಾಗ, "ನಾನೊಂದು ಕಾಮೆಂಟ್ ಹಾಕ್ಬೇಕಿತ್ತು ಬಿಡಿ" ಅಂದಳು. ಬೈದಿದ್ದರೆ ಸುಲಭ ಇತ್ತು. ಪಾಸ್‌ವರ್ಡ್ ಬದಲಾಯಿಸಿ ಅಂತ ಗ್ರಾಹಕರಿಗೆ ಮೇಲ್ ಹೋಗಿತ್ತು. ರಿಪೋರ್ಟಿನ 'ಮೂಲ ಕಾರಣ' ಅನ್ನೋ ಕಾಲಂನಲ್ಲಿ 'ಕಂಪೈಲರ್ ಆಪ್ಟಿಮೈಸೇಶನ್' ಅಂತ ಅಷ್ಟರಲ್ಲಾಗಲೇ ತುಂಬಿ ಕಳಿಸಿದ್ದೆ.