ಕಂಬದ ಲೆಕ್ಕ

ನಮ್ಮಕ್ಕನ ಮಗ ಎಂಜಿನಿಯರಿಂಗ್ ಓದ್ತಿದ್ದಾನೆ. ರಜೆಗೆ ಮನೆಗೆ ಬಂದರೆ ಬೆಳಗ್ಗೆ ಆರಕ್ಕೇ ಎದ್ದು ಕೂತಿರ್ತಾನೆ. ಓದೋಕಲ್ಲ, ಎನ್‌ಬಿಎ ನೋಡೋಕೆ. ಅಮೆರಿಕದ ರಾತ್ರಿಯ ಆಟ ನಮಗೆ ಬೆಳಗಿನ ಕಾಫಿ ಹೊತ್ತಿಗೆ ಬರುತ್ತಲ್ಲ, ನಾನೂ ಲೋಟ ಹಿಡಿದು ಪಕ್ಕದಲ್ಲಿ ಕೂರ್ತೀನಿ. ಹತ್ತು ನಿಮಿಷ ಆಗೋದರೊಳಗೆ ಜಗಳ ಶುರು. ವಿಷಯ ಯಾವಾಗಲೂ ಒಂದೇ: ಜೋರ್ಡನ್ ದೊಡ್ಡವನೋ, ಲೆಬ್ರಾನ್ ದೊಡ್ಡವನೋ?

ನಾನು ತೊಂಬತ್ತರ ದಶಕದ ಗಿರಾಕಿ. ಕೇಬಲ್ ಟಿವಿ ಹೊಸದಾಗಿ ಬಂದ ಕಾಲದಲ್ಲಿ ಜೋರ್ಡನ್‌ನನ್ನು ನೋಡಿ ಬಾಯಿ ಬಿಟ್ಟವನು. ಅವನಿಗೆ ಮೀಸೆ ಮೂಡುವಾಗ ಇದ್ದದ್ದು ಲೆಬ್ರಾನ್. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇಲ್ಲಿ ಹೆಗ್ಗಣವೇ ನಮ್ಮನ್ನು ಹೆತ್ತಿರೋದು, ಅಷ್ಟೇ ವ್ಯತ್ಯಾಸ. ಅವನು ಅಂಕಿ ತೆಗೀತಾನೆ: "ಮಾವ, ನಿಮ್ಮ ಜೋರ್ಡನ್ ಒಟ್ಟು 32,292 ಪಾಯಿಂಟ್. ಲೆಬ್ರಾನ್ 40,000 ದಾಟಿದ ಮೊದಲನೇ ಮನುಷ್ಯ." ನಾನು ಉಂಗುರ ತೆಗೀತೀನಿ: "ಆರು ಸಲ ಫೈನಲ್‌ಗೆ ಹೋದ, ಆರೂ ಗೆದ್ದ ಕಣೋ. ನಿನ್ನವನು ಹತ್ತು ಸಲ ಹೋಗಿ ನಾಲ್ಕು ಗೆದ್ದ." ಅವನು ನಕ್ಕುಬಿಟ್ಟ. "ಉಂಗುರದ ಲೆಕ್ಕ ಆದ್ರೆ ರಾಬರ್ಟ್ ಹಾರಿ ಹತ್ತಿರ ಏಳಿದೆ, ಮಾವ. ಅವನೇ ಜೋರ್ಡನ್‌ಗಿಂತ ದೊಡ್ಡವನಾ?"

ನನ್ನ ಬಾಯಿ ಕಟ್ಟಿತು. ಹಾರಿ ಒಳ್ಳೆಯ ಆಟಗಾರ, ಕೊನೇ ಕ್ಷಣದಲ್ಲಿ ಚೆಂಡು ಹಾಕಿ ಗೆಲ್ಲಿಸಿದವನು. ಆದರೆ ಜೋರ್ಡನ್‌ಗಿಂತ ದೊಡ್ಡವನು ಅಂತ ಅವನ ಮನೆಯವರೂ ಹೇಳಲಾರರು. ಹಾಗಾದರೆ ನಾನು ಇಷ್ಟು ವರ್ಷ ಹಿಡಿದುಕೊಂಡು ಕೂತಿದ್ದ ಉಂಗುರದ ಮಾತು ತರ್ಕವೇ ಆಗಿರಲಿಲ್ಲ. ಇಷ್ಟಪಟ್ಟವನನ್ನು ಮೊದಲು ಆರಿಸಿ, ಅವನ ಅಳತೆಗೆ ಸರಿಯಾಗಿ ಮಾನದಂಡ ಹೊಲಿಸಿದ್ದೆ.

ಈ ಕೆಲಸ ಹೊಸದೇನಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಯುದ್ಧ ಶುರುವಾಗೋ ಮುಂಚೆ ಭೀಷ್ಮರು ಕೂತು ಎರಡೂ ಕಡೆಯ ವೀರರಿಗೆ ರ‍್ಯಾಂಕ್ ಕೊಡ್ತಾರೆ. ಇವನು ರಥ, ಇವನು ಅತಿರಥ, ಇವನು ಮಹಾರಥ. ಕರ್ಣನ ಸರದಿ ಬಂದಾಗ ಅರ್ಧರಥ ಅಂದುಬಿಟ್ಟರು. ಕರ್ಣ ಸಿಟ್ಟಿಗೆದ್ದು, ನೀವು ಬೀಳೋವರೆಗೂ ನಾನು ಯುದ್ಧಕ್ಕಿಳಿಯಲ್ಲ ಅಂತ ಕೂತ. ಒಂದು ರೇಟಿಂಗ್‌ನಿಂದ ಕೌರವರು ಹತ್ತು ದಿನ ತಮ್ಮ ದೊಡ್ಡ ಆಟಗಾರನನ್ನು ಬೆಂಚಿನಲ್ಲಿ ಕೂರಿಸಿಕೊಂಡರು. ಇನ್ನೊಂದು ಕಡೆ ನೋಡಿ, ಆಯುಧ ಹಿಡಿಯಲ್ಲ ಅಂತ ಮಾತು ಕೊಟ್ಟು ಸಾರಥಿಯ ಜಾಗದಲ್ಲಿ ಕೂತವನೊಬ್ಬ. ಅವನ ಖಾತೆಯಲ್ಲಿ ಬಾಣ ಸೊನ್ನೆ. ಯುದ್ಧ ಗೆಲ್ಲಿಸಿದವರು ಯಾರು ಅಂತ ಕೇಳಿದರೆ ನಮ್ಮಲ್ಲಿ ಮಕ್ಕಳೂ ಅವನ ಹೆಸರೇ ಹೇಳ್ತಾರೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಪ್ರಶ್ನೆ ಅತಿ ಸ್ಪಷ್ಟವಾಗಿ ಎದುರಾದದ್ದು 1961-62ರ ಸೀಸನ್‌ನಲ್ಲಿ. ವಿಲ್ಟ್ ಚೇಂಬರ್ಲೇನ್ ಆ ವರ್ಷ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದ. 1962ರ ಮಾರ್ಚ್ 2ರಂದು ನ್ಯೂಯಾರ್ಕ್ ವಿರುದ್ಧ ಒಂದೇ ಪಂದ್ಯದಲ್ಲಿ 100 ಅಂಕ. ಇವತ್ತಿಗೂ ಅದನ್ನು ಯಾರೂ ಮುಟ್ಟಿಲ್ಲ. ಇಷ್ಟಾದ ಮೇಲೂ ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಹೋದದ್ದು ಬಿಲ್ ರಸೆಲ್‌ಗೆ. ಅವನ ಸರಾಸರಿ 19 ಕೂಡ ಮುಟ್ಟಿರಲಿಲ್ಲ. ಅನ್ಯಾಯ ಅನ್ಸುತ್ತೆ ಅಲ್ವಾ? ಆದರೆ ಆಗ ಆ ಪ್ರಶಸ್ತಿಗೆ ವೋಟು ಹಾಕ್ತಿದ್ದವರು ಪತ್ರಕರ್ತರಲ್ಲ, ಆಟಗಾರರೇ. ಇಬ್ಬರ ಎದುರೂ ಬೆವರು ಸುರಿಸಿ ಆಡಿದವರು, ಇಬ್ಬರ ಮೊಣಕೈ ಏಟನ್ನೂ ತಿಂದವರು ರಸೆಲ್ ಹೆಸರು ಬರೆದರು.

ಅವರು ಕಂಡದ್ದೇನು? ಬಹುಪಾಲು ಸ್ಕೋರ್‌ಶೀಟಿನಲ್ಲಿ ಇಲ್ಲದ್ದು. ಎದುರಾಳಿ ಎಸೆದ ಚೆಂಡನ್ನು ತಡೆಯೋದಕ್ಕೆ ಬ್ಲಾಕ್ ಅಂತಾರೆ. ರಸೆಲ್ ಆ ಕಲೆಯ ಗುರು. ತಡೆದ ಚೆಂಡನ್ನು ಪ್ರೇಕ್ಷಕರತ್ತ ಅಟ್ಟಿ ಚಪ್ಪಾಳೆ ಗಿಟ್ಟಿಸ್ತಿರಲಿಲ್ಲ, ತನ್ನ ತಂಡದವರ ಕೈಗೇ ಹೋಗೋ ಹಾಗೆ ತಟ್ಟುತ್ತಿದ್ದ. ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸೋಕೆ ಶುರು ಮಾಡಿದ್ದು 1973-74ರಲ್ಲಿ. ರಸೆಲ್ ನಿವೃತ್ತನಾದದ್ದು 1969ರಲ್ಲಿ. ಹದಿಮೂರು ಸೀಸನ್, ಹನ್ನೊಂದು ಚಾಂಪಿಯನ್‌ಶಿಪ್, ಅಧಿಕೃತ ದಾಖಲೆಯಲ್ಲಿ ಬ್ಲಾಕ್ ಒಂದೂ ಇಲ್ಲ. ಅದು ಸೊನ್ನೆಯಲ್ಲ, ಖಾಲಿ ಜಾಗ. ಸೊನ್ನೆಗೂ ಖಾಲಿಗೂ ಇರೋ ವ್ಯತ್ಯಾಸವನ್ನು ಕಾಗದ ಹೇಳಲ್ಲ.

ಹಾಗಂತ ಚೇಂಬರ್ಲೇನ್ ಸ್ವಾರ್ಥಿ ಅನ್ನೋದೂ ತಪ್ಪು. 1967ರಲ್ಲಿ ಅವನು ಅಂಕ ಅರ್ಧಕ್ಕರ್ಧ ಇಳಿಸಿಕೊಂಡು, ಚೆಂಡು ಹಂಚಿ, ರಸೆಲ್ ತಂಡದ ಸತತ ಎಂಟು ವರ್ಷಗಳ ಗೆಲುವನ್ನು ಮುರಿದ. ಮರುವರ್ಷ ಇಡೀ ಲೀಗಿನಲ್ಲಿ ಅತಿ ಹೆಚ್ಚು ಅಸಿಸ್ಟ್ ಕೊಟ್ಟವನೂ ಅವನೇ. ಸೆಂಟರ್ ಆಡುವವನು! ಮನುಷ್ಯ ಅದೇ, ಎತ್ತರ ಅದೇ, ಸ್ಥಾನದ ಹೆಸರೂ ಅದೇ. ಆ ಸ್ಥಾನದಲ್ಲಿ ನಿಂತು ಏನು ಮಾಡಬೇಕು ಅನ್ನೋದು ಮಾತ್ರ ಬದಲಾಗಿತ್ತು.

ಈ ಸ್ಥಾನಗಳ ವಿಷಯವೂ ವಿಚಿತ್ರ. ಪಾಯಿಂಟ್ ಗಾರ್ಡ್, ಶೂಟಿಂಗ್ ಗಾರ್ಡ್, ಎರಡು ಬಗೆಯ ಫಾರ್ವರ್ಡ್, ಸೆಂಟರ್ ಅಂತ ಐದು ಹೆಸರು. ಕುಳ್ಳಗಿದ್ದರೆ ಚೆಂಡು ನಡೆಸು, ಉದ್ದಗಿದ್ದರೆ ಬುಟ್ಟಿ ಕೆಳಗೆ ನಿಲ್ಲು. ಹುಟ್ಟಿದಾಗಲೇ ಕೆಲಸ ಗೊತ್ತುಮಾಡಿದ ಹಾಗೆ. 1980ರ ಫೈನಲ್‌ನ ಆರನೇ ಪಂದ್ಯಕ್ಕೆ ಲೇಕರ್ಸ್‌ನ ಸೆಂಟರ್ ಕರೀಮ್ ಅಬ್ದುಲ್ ಜಬ್ಬಾರ್ ಕಾಲು ಉಳುಕಿಸಿಕೊಂಡು ಮನೆಯಲ್ಲಿದ್ದ. ಇಪ್ಪತ್ತು ವರ್ಷದ ಪಾಯಿಂಟ್ ಗಾರ್ಡ್ ಮ್ಯಾಜಿಕ್ ಜಾನ್ಸನ್ ಅವನ ಜಾಗದಲ್ಲಿ ನಿಂತ. 42 ಅಂಕ, 15 ರಿಬೌಂಡ್, 7 ಅಸಿಸ್ಟ್. ಕಪ್ಪು ಲೇಕರ್ಸ್‌ಗೆ. ಆವತ್ತು ಅವನು ಯಾವ ಸ್ಥಾನದ ಆಟಗಾರ ಅಂತ ಕೇಳಿದರೆ ಏನು ಹೇಳ್ತೀರಿ? ಈಗಿನ ಯೋಕಿಚ್ ಸೆಂಟರ್. ಆದರೆ ತಂಡದ ಚೆಂಡೆಲ್ಲ ಅವನ ಕೈಯಿಂದಲೇ ಹರಿಯೋದು. ಇಷ್ಟೆಲ್ಲ ನೋಡಿಯೂ ವರ್ಷದ ಶ್ರೇಷ್ಠ ಐವರನ್ನು ಆರಿಸುವಾಗ ಎನ್‌ಬಿಎ ಒಬ್ಬನೇ ಸೆಂಟರ್ ಅಂತ ನಿಯಮ ಇಟ್ಕೊಂಡಿತ್ತು. 2021 ಮತ್ತು 2022ರಲ್ಲಿ ಜೋಯೆಲ್ ಎಂಬಿಡ್ ಅತ್ಯಮೂಲ್ಯ ಆಟಗಾರನ ವೋಟಿನಲ್ಲಿ ಎರಡನೆಯವನಾದ. ಅಂದರೆ ಇಡೀ ಲೀಗಿಗೇ ಎರಡನೆಯವನು. ಆದರೂ ಮೊದಲ ಐವರಲ್ಲಿ ಅವನಿಗೆ ಜಾಗ ಸಿಗಲಿಲ್ಲ, ಯಾಕಂದ್ರೆ ಸೆಂಟರ್ ಕುರ್ಚಿಯಲ್ಲಿ ಯೋಕಿಚ್ ಕೂತಿದ್ದ. 2023-24ರಿಂದ ಆ ಸ್ಥಾನದ ನಿಯಮವನ್ನೇ ತೆಗೆದುಹಾಕಿದರು.

ಇಷ್ಟು ಹೊತ್ತು ಅಮೆರಿಕದ ಕಥೆ ಹೇಳಿದೆ. ನನ್ನನ್ನು ಕುಟುಕುತ್ತಿರೋದು ಅದಲ್ಲ.

ಕಾಲೇಜಿನಲ್ಲಿ ನಾನೂ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆಗಿದ್ದೆ. ಆಟ ಬರ್ತಿರಲಿಲ್ಲ, ಕೈಬರಹ ಚೆನ್ನಾಗಿತ್ತು. ಹಾಗಾಗಿ ಸ್ಕೋರರ್ ಮಾಡಿದರು. ಸ್ಕೋರ್‌ಶೀಟ್ ನೋಡಿದವರಿಗೆ ಗೊತ್ತಿರುತ್ತೆ, ಅದರಲ್ಲಿ ಆಟಗಾರನ ಬಗ್ಗೆ ಮುಖ್ಯವಾಗಿ ಬರೆಯೋದು ಎರಡೇ: ಹಾಕಿದ ಅಂಕ, ಮಾಡಿದ ಫೌಲ್. ನಮ್ಮ ತಂಡದಲ್ಲೊಬ್ಬ ಗೆಳೆಯ ಇದ್ದ. ಆರಡಿ ದಾಟಿದವನು, ಅಗಲವಾದ ಭುಜ. ಅವನ ಕೆಲಸ ಸ್ಕ್ರೀನ್ ಹಾಕೋದು. ಅಂದರೆ ನಮ್ಮ ಶೂಟರ್‌ನ ಬೆನ್ನು ಹತ್ತಿದವನ ದಾರಿಗೆ ಅಡ್ಡ ನಿಲ್ಲೋದು. ಓಡಿ ಬಂದವನು ಎದೆಗೆ ಡಿಕ್ಕಿ ಹೊಡೀತಾನೆ, ಆ ಅರ್ಧ ಸೆಕೆಂಡಿನಲ್ಲಿ ಶೂಟರ್ ಬಿಡುವಾಗಿ ಚೆಂಡು ಹಾಕ್ತಾನೆ. ಅಲ್ಲಾಡದೆ ನಿಲ್ತಿದ್ದನಲ್ಲ, ನಾವು ಅವನನ್ನು ಕಂಬ ಅಂತಲೇ ಕರೀತಿದ್ವಿ. ಒಂದು ಚೂರು ಅಲ್ಲಾಡಿದರೂ ಫೌಲು. ಹೀಗಾಗಿ ನನ್ನ ಹಾಳೆಯಲ್ಲಿ ಅವನ ಸಾಲು ಹೇಗಿರ್ತಿತ್ತು ಅಂದ್ರೆ: ಅಂಕ ಎರಡು, ಫೌಲು ನಾಲ್ಕು. ಅಂಕ ಸೊನ್ನೆ, ಫೌಲು ಐದು. ಮಾಡಿದ ಉಪಕಾರಕ್ಕೆ ಅಂಕಣವಿಲ್ಲ, ಆದ ತಪ್ಪಿಗೆ ಮಾತ್ರ ಇದೆ.

ಆ ವರ್ಷ ಮೇಲಿನ ಹಂತದ ತಂಡಕ್ಕೆ ಆಯ್ಕೆ ಇತ್ತು. ಆಯ್ಕೆ ಮಾಡೋರು ಬಂದದ್ದು ಟೂರ್ನಮೆಂಟ್ ಮುಗಿದ ಮೇಲೆ. ನನ್ನ ಹಾಳೆಗಳನ್ನು ಇಸ್ಕೊಂಡು ತಿರುವಿ ಹಾಕಿದರು. ಕಂಬನ ಸಾಲಿನ ಮೇಲೆ ಬೆರಳಿಟ್ಟು, "ಇವನು ಹೇಗಪ್ಪಾ?" ಅಂತ ಕೇಳಿದರು. ನಾನು ಹೇಳಬೇಕಾದ್ದು ಒಂದೇ ಮಾತಿತ್ತು: ಸರ್, ಉಳಿದವರ ಅಂಕದಲ್ಲಿ ಕಾಲು ಭಾಗ ಇವನದು. ಹೇಳಲಿಲ್ಲ. "ಎಲ್ಲಾ ಇದರಲ್ಲೇ ಇದೆ, ಸರ್" ಅಂದೆ. ನನ್ನ ಹಾಳೆ ತಪ್ಪಿಲ್ಲದ್ದು ಅನ್ನೋ ಜಂಬ ಆ ಮಾತಿನಲ್ಲಿತ್ತು. ಇಬ್ಬರು ಶೂಟರ್‌ಗಳು ಆಯ್ಕೆಯಾದರು. ಕಂಬ ಆಗಲಿಲ್ಲ.

ನಾನು ಸುಳ್ಳು ಬರೆದಿರಲಿಲ್ಲ. ಅದೇ ನನ್ನನ್ನು ಇಷ್ಟು ವರ್ಷ ಕಾಡಿರೋದು. ಒಂದೊಂದು ಅಂಕಿಯೂ ನಿಜ, ಒಟ್ಟು ಸೇರಿದಾಗ ಅನ್ಯಾಯ. ಹೀಗಾಗೋದು ಸಾಧ್ಯವಾ? ಸಾಧ್ಯ. ಅಂಕಿ ಯಾವುದೋ ಒಂದು ಪ್ರಶ್ನೆಗೆ ಉತ್ತರ. ಪ್ರಶ್ನೆ ಕೇಳಿದವರು ಯಾರು, ಯಾವ ಪ್ರಶ್ನೆ ಕೇಳೋದು ಬಿಟ್ಟರು ಅನ್ನೋದು ಹಾಳೆಯ ಮೇಲೆ ಕಾಣಲ್ಲ. ಎಷ್ಟು ಹಾಕಿದ ಅಂತ ಕೇಳಿದ್ದೆವು. ಅವನಿದ್ದಾಗ ಉಳಿದವರು ಎಷ್ಟು ಹಾಕಿದರು ಅಂತ ಕೇಳಿರಲಿಲ್ಲ. ಈಗ ಎನ್‌ಬಿಎನಲ್ಲಿ ಸ್ಕ್ರೀನ್ ಅಸಿಸ್ಟ್ ಅಂತಲೇ ಎಣಿಸ್ತಾರೆ. ಕಂಬಕ್ಕೂ ಒಂದು ಅಂಕಣ ಸಿಕ್ಕಿದೆ, ನಮ್ಮ ಕಂಬನಿಗೆ ತಡವಾಯ್ತು ಅಷ್ಟೆ.

ಹಾಗಾದ್ರೆ ಅಂಕಿಗಳನ್ನು ಬಿಸಾಕಿ, ಕಣ್ಣಿಗೆ ಕಂಡದ್ದನ್ನೇ ನಂಬಬೇಕಾ? ಈ ಮಾತು ಕೇಳೋಕೆ ಚಂದ, ನನಗೆ ಭಯ. ಹಾಳೆಯೇ ಇಲ್ಲದಿದ್ದರೆ ಆಯ್ಕೆ ಹೇಗಾಗ್ತಿತ್ತು ಅಂತ ನಮ್ಮೂರಿನಲ್ಲಿ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮಗ, ಯಾವ ಜನ, ಯಾರ ಶಿಫಾರಸು? ಆವತ್ತು ಆಯ್ಕೆಯಾದ ಇಬ್ಬರಲ್ಲಿ ಒಬ್ಬನ ಅಪ್ಪ ಬಸ್ ನಿಲ್ದಾಣದಲ್ಲಿ ಹೊರೆ ಹೊರ್ತಿದ್ದರು. ಅವನ ಪರವಾಗಿ ಮಾತಾಡೋಕೆ ಇದ್ದದ್ದು ನನ್ನ ಹಾಳೆ ಒಂದೇ. ದಿಕ್ಕಿಲ್ಲದವನಿಗೆ ಅಂಕಿಯೇ ವಕೀಲ. ಅದಕ್ಕೇ ಹೇಳೋದು, ಲೆಕ್ಕ ಬೇಡ ಅನ್ನೋರ ಬಗ್ಗೆ ಹುಷಾರಾಗಿರಬೇಕು. ಲೆಕ್ಕದಲ್ಲಿ ಎಲ್ಲಾ ಇದೆ ಅನ್ನೋರ ಬಗ್ಗೆಯೂ ಅಷ್ಟೇ ಹುಷಾರಾಗಿರಬೇಕು. ನಾನು ಎರಡನೇ ಗುಂಪಿನಲ್ಲಿದ್ದೆ. ಲೆಕ್ಕ ಬರೆಯೋದು ನನ್ನ ಕೆಲಸವಾಗಿತ್ತು, ಲೆಕ್ಕಕ್ಕೆ ಸಿಗದೇ ಉಳಿದದ್ದನ್ನು ಬಾಯಿಬಿಟ್ಟು ಹೇಳೋದೂ ನನ್ನ ಕೆಲಸವೇ ಆಗಿತ್ತು. ಪಕ್ಕದಲ್ಲಿ ಕೂತು ಪ್ರತಿ ಪಂದ್ಯ ನೋಡಿದವನು ನಾನೊಬ್ಬನೇ ತಾನೇ?

ಇಲ್ಲಿಗೆ ಮುಗಿಸಬಹುದಿತ್ತು. ದೊಡ್ಡತನ ಅಂದ್ರೆ ಪಕ್ಕದವರನ್ನು ಬೆಳೆಸೋದು ಅಂತ ಬರೆದು, ಕಂಬನಿಗೊಂದು ಹಾರ ಹಾಕಿ. ಹೋದ ತಿಂಗಳು ಅವನಿಗೆ ಫೋನ್ ಮಾಡದೇ ಇದ್ದಿದ್ದರೆ ಹಾಗೇ ಮಾಡ್ತಿದ್ದೆ.

ಅದೂ ಇದೂ ಮಾತಾಡಿ, ಕೊನೆಗೆ ಆ ಆಯ್ಕೆಯ ದಿನದ ಮಾತು ತೆಗೆದೆ. ನಾನು ಬಾಯಿ ಬಿಡಲಿಲ್ಲ ಕಣೋ, ತಪ್ಪಾಯ್ತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅಯ್ಯೋ ಅದೆಲ್ಲ ಬಿಡೋ ಅಂತಾನೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ಬೇಜಾರಾಗಿತ್ತು ಕಣೋ. ಇಲ್ಲ ಅಂದ್ರೆ ಸುಳ್ಳಾಗುತ್ತೆ," ಅಂದ. ಆಮೇಲೆ ಇನ್ನೊಂದು ಹೇಳಿದ: "ನನಗೂ ಶೂಟ್ ಮಾಡೋ ಆಸೆ ಇತ್ತು. ಬೆಳಗ್ಗೆ ಐದೂವರೆಗೆ ಬಂದು ಒಬ್ಬನೇ ಪ್ರಾಕ್ಟೀಸ್ ಮಾಡ್ತಿದ್ದೆ. ನೀವ್ಯಾರೂ ನನಗೆ ಚೆಂಡು ಕೊಡ್ತಿರಲಿಲ್ವಲ್ಲೋ."

ಇದು ನನಗೆ ಗೊತ್ತೇ ಇರಲಿಲ್ಲ. ಅವನು ತಂಡಕ್ಕಾಗಿ ತ್ಯಾಗ ಮಾಡಿದ ಅಂತ ನಾನು ಮನಸ್ಸಿನಲ್ಲೇ ಅವನನ್ನು ಎತ್ತರಕ್ಕೇರಿಸಿದ್ದೆ. ಅವನು ಆ ಸ್ಥಾನ ಆರಿಸಿಕೊಂಡಿರಲೇ ಇಲ್ಲ. ಭುಜ ಅಗಲ ಇದೆ ಅಂತ ನಾವು ನಿಲ್ಲಿಸಿದ್ವಿ, ಅವನು ನಿಂತ. ಅಮ್ಮಂದಿರನ್ನು ತ್ಯಾಗಮಯಿ ಅಂತ ಹೊಗಳಿ ಹೊಗಳಿ ಅಡುಗೆಮನೆಯಲ್ಲೇ ಇಟ್ಟೆವಲ್ಲ, ಆ ಥರ. ಹೊಗಳಿಕೆಯೂ ಒಂದು ಸಾಲ ತೀರಿಸೋ ಅಗ್ಗದ ದಾರಿ. ರಸೆಲ್‌ನ ಆಟ ಅವನೇ ಕಟ್ಟಿಕೊಂಡದ್ದು, ಅದಕ್ಕೆ ಹನ್ನೊಂದು ಉಂಗುರವೂ ಬಂತು. ಕಂಬನಿಗೆ ಆಯ್ಕೆಯೂ ಇರಲಿಲ್ಲ, ಅಂಕಣವೂ ಇರಲಿಲ್ಲ.

ಮರುದಿನ ಬೆಳಗ್ಗೆ ಅಳಿಯ ಯಥಾಪ್ರಕಾರ ಜಗಳಕ್ಕೆ ಬಂದ. ಅವನೂ ಈಗ ಕಾಲೇಜು ತಂಡದ ಪಾಯಿಂಟ್ ಗಾರ್ಡ್. ನಾನು ಜೋರ್ಡನ್ ವಿಷಯ ಎತ್ತಲಿಲ್ಲ. "ನಿಮ್ಮ ಟೀಮಲ್ಲಿ ಸ್ಕ್ರೀನ್ ಹಾಕೋನು ಯಾರೋ?" ಅಂತ ಕೇಳಿದೆ. ಹೆಸರು ಹೇಳಿದ. "ಅವನಿಗೆ ಎಲ್ಲಿ ಆಡೋಕೆ ಇಷ್ಟ ಅಂತ ಯಾವತ್ತಾದ್ರೂ ಕೇಳಿದ್ದೀಯಾ?"

ಟಿವಿಯ ಸದ್ದು ಕಮ್ಮಿ ಮಾಡಿದ. "ಇಲ್ಲ ಮಾವ," ಅಂದ.