ಅವರವರ ತೂಕ

ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕುಸ್ತಿಯಲ್ಲಿ, ಬಾಕ್ಸಿಂಗಿನಲ್ಲಿ ತೂಕದ ವಿಭಾಗಗಳನ್ನು ಮಾಡಿದವರು ಈ ಗಾದೆಯನ್ನು ಕೇಳಿರಲಾರರು. ಆದರೆ ಅವರು ಮಾಡಿದ್ದು ಅದನ್ನೇ. 57 ಕೆ.ಜಿ.ಯ ಹುಡುಗ 97 ಕೆ.ಜಿ.ಯವನ ಅಡಿಯಲ್ಲಿ ಸಿಕ್ಕಿ ಮೂಳೆ ಮುರಿದುಕೊಳ್ಳಬಾರದು, ಸರೀಕರು ಸರೀಕರೊಡನೆ ಸೆಣಸಲಿ ಎಂಬ ಕರುಣೆ ಆ ನಿಯಮದಲ್ಲಿದೆ. ಆದರೆ ತನ್ನ ತೂಕದಲ್ಲಿ ಎಲ್ಲರನ್ನೂ ಗೆದ್ದವನನ್ನು ಲೋಕ ಸುಮ್ಮನೆ ಬಿಡುವುದಿಲ್ಲ. ‘ಇವರನ್ನು ಗೆದ್ದದ್ದೇನು ದೊಡ್ಡದು, ಮೇಲಿನ ತೂಕದವರನ್ನು ಗೆಲ್ಲಲಿ ನೋಡೋಣ’ ಎನ್ನುತ್ತದೆ. ಹಾಗಾದರೆ ಗೆದ್ದವನು ಗೆದ್ದಲ್ಲೇ ನಿಲ್ಲಬೇಕೆ? ಹೆಸರು ಉಳಿಯಲೆಂದು ಮೇಲಿನ ತೂಕಕ್ಕೆ ಏರಬೇಕೆ?

ಪೈಲ್ವಾನರ ಮಾತು ಹೆಂಗಸರಾದ ನಮಗೇಕೆ ಎನ್ನಬೇಡಿ. ನಮ್ಮ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿಯ ಜಾತ್ರೆ ಬಂದರೆ ಮನೆ ತುಂಬ ನೆಂಟರು, ಊರ ತುಂಬ ಕುಸ್ತಿಯದೇ ಮಾತು. ಕಣದಲ್ಲಿ ನಿಲ್ಲುವವರು ಗಂಡಸರಾದರೂ ಅವರ ಹಾಲು, ಬಾದಾಮಿ, ತುಪ್ಪದ ಲೆಕ್ಕ ನಡೆಯುವುದು ನಮ್ಮ ಅಡುಗೆಮನೆಗಳಲ್ಲೇ. ಈಗಂತೂ ಹೆಣ್ಣುಮಕ್ಕಳೂ ಕಣಕ್ಕೆ ಇಳಿದಿದ್ದಾರೆ.

ಮೇಲಿನ ತೂಕಕ್ಕೆ ಏರಿ ಹೆಸರಾದವರು ಇಲ್ಲದಿಲ್ಲ. ಕರಾಡದ ಕಡೆಯ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ಲೈವೇಟ್ ವಿಭಾಗದಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಅದಕ್ಕಿಂತ ಮೇಲಿನ ಬ್ಯಾಂಟಮ್‌ವೇಟ್ ವಿಭಾಗದಲ್ಲಿ ಸೆಣಸಿ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗೆದ್ದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಮಣಿಪುರದ ಮೇರಿ ಕೋಮ್ 48 ಕೆ.ಜಿ. ಮತ್ತು ಅದಕ್ಕಿಂತ ಕಡಿಮೆ ತೂಕದಲ್ಲಿ ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದರು. 2012ರಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಮಹಿಳೆಯರ ಬಾಕ್ಸಿಂಗ್ ಬಂದಾಗ ಅಲ್ಲಿದ್ದ ಅತಿ ಕಡಿಮೆ ತೂಕವೇ 51 ಕೆ.ಜಿ. ಅವಳಿ ಮಕ್ಕಳ ತಾಯಿ ಆ ತೂಕಕ್ಕೆ ಏರಿ, ತನಗಿಂತ ಎತ್ತರದವರೊಡನೆ ಹೋರಾಡಿ ಕಂಚು ಗೆದ್ದರು. ಫಿಲಿಪ್ಪೀನ್ಸಿನ ಮ್ಯಾನಿ ಪಾಕಿಯಾವೊ ಎಂಬ ಬಾಕ್ಸರ್ ಎಂಟು ತೂಕಗಳಲ್ಲಿ ವಿಶ್ವ ಪ್ರಶಸ್ತಿ ಪಡೆದರು. ಇವರು ಇದ್ದಲ್ಲೇ ಇದ್ದಿದ್ದರೆ ಮನುಷ್ಯನ ಶಕ್ತಿ ಎಷ್ಟೆಂಬುದು ನಮಗೆ ತಿಳಿಯುತ್ತಿತ್ತೆ? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಇವರ ಮುಂದೆ ಸಣ್ಣದಾಗುತ್ತದೆ. ಇದನ್ನು ಒಪ್ಪಲೇಬೇಕು.

ಆದರೆ ಅಮೆರಿಕದ ಮಾರ್ವಿನ್ ಹ್ಯಾಗ್ಲರ್ 1980ರಿಂದ 1987ರವರೆಗೆ ಮಿಡಲ್‌ವೇಟ್ ಪಟ್ಟವನ್ನು ಉಳಿಸಿಕೊಂಡರು. ಮೇಲಿನ ತೂಕದತ್ತ ಹೋಗಲೇ ಇಲ್ಲ. ಅವರ ಹೆಸರೇನೂ ಅಳಿಸಿಹೋಗಲಿಲ್ಲ. ಅಂದಮೇಲೆ ಏರಿದರೆ ಮಾತ್ರ ಹೆಸರು ಎಂಬುದು ಸುಳ್ಳು. ಇನ್ನು ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರೀಕೊ-ರೋಮನ್ ಕುಸ್ತಿಯ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಆದರೆ ಒಲಿಂಪಿಕ್ಸ್‌ನಲ್ಲಿ ಆ ಶೈಲಿಯ ಕುಸ್ತಿ ಆರಂಭವಾಗುವುದೇ 60 ಕೆ.ಜಿ.ಯಿಂದ. ಏಷ್ಯಾದ ಪದಕ ಕೊರಳಲ್ಲಿದ್ದರೂ ಮುಂದಿನ ಬಾಗಿಲು ಐದು ಕೆ.ಜಿ. ಮೇಲಿದೆ! ಇಂಥವರು ಏರುವುದನ್ನು ಹೆಸರಿನ ಹಂಬಲ ಎನ್ನಲಾದೀತೆ?

ನನ್ನನ್ನು ಈ ವಿಷಯಕ್ಕೆ ಎಳೆದು ತಂದವಳು ಹರಿಹರದ ಒಬ್ಬ ತಾಯಿ. ನಾನು ಅಲ್ಲಿನ ಶಾಲೆಯೊಂದಕ್ಕೆ ದಿನವೂ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಆಕೆಯ ಮಗ ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ, ಈಗ 57 ಕೆ.ಜಿ.ಯಲ್ಲಿ ಕುಸ್ತಿ ಆಡುತ್ತಾನೆ. 65ಕ್ಕೆ ಏರುತ್ತೇನೆಂದು ಹಟ ಹಿಡಿದಿದ್ದ. “ಅಕ್ಕೋರೇ, ನೀವಾದ್ರೂ ಬುದ್ಧಿ ಹೇಳ್ರಿ. ದೊಡ್ಡ ಜೋಡಿ ಹಿಡಿದ್ರೆ ದೊಡ್ಡ ಹೆಸರು ಅಂತ ಯಾರೋ ತಲೆ ತುಂಬ್ಯಾರ. ಕುತ್ತಿಗೆ ಮುರಿದ್ರೆ ಹೆಸರು ಬಂದು ಗಂಜಿ ಕುಡಿಸ್ತೈತೇನ್ರಿ?” ಎಂದು ಕಣ್ಣೀರು ಹಾಕಿದಳು.

ಹುಡುಗನನ್ನು ಕರೆಸಿದೆ. ಬುದ್ಧಿ ಹೇಳುವ ಮೊದಲು, ಯಾಕಪ್ಪಾ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಹೇಳಿದ: “ಹೆಸರಿಗಲ್ರೀ ಅಕ್ಕೋರೇ. ಐವತ್ತೇಳಕ್ಕೆ ಇಳಿಯಾಕ ಪ್ರತಿ ಸಲ ಅನ್ನ ಬಿಡ್ತೀನಿ, ಕೊನೀ ದಿನ ನೀರೂ ಬಿಡ್ತೀನಿ. ಕಣಕ್ಕೆ ಬರೋ ಹೊತ್ತಿಗೆ ಕಾಲು ನಡುಗ್ತಾವು. ಸೋತ್ರೂ ಚಿಂತಿಲ್ಲ, ಹೊಟ್ಟೆ ತುಂಬ ಉಂಡು ಆಡಬೇಕು ಅನ್ನಸ್ತೈತಿ.”

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಟ್ಟೆಯಲ್ಲಿ ಉಳಿದ ಅನ್ನವನ್ನು ದಿನವೂ ಕಂಡವಳು ಅವಳೇ ಅಲ್ಲವೆ?

ನನಗೆ ವಿನೇಶ್ ಫೋಗಟ್ ನೆನಪಾದಳು. 53 ಕೆ.ಜಿ.ಯಲ್ಲಿ ಆಡುತ್ತಿದ್ದ ಆಕೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಾಗಿ 50ಕ್ಕೆ ಇಳಿದಳು. ಆಗಸ್ಟ್ 6ರಂದು ಮೂವರನ್ನು ಗೆದ್ದು ಫೈನಲ್ ತಲುಪಿದಳು. ಆ ರಾತ್ರಿಯೆಲ್ಲ ಬೆವರು ಹರಿಸಿ, ಕೂದಲನ್ನೂ ಕತ್ತರಿಸಿದರೂ ಮರುದಿನ ಬೆಳಿಗ್ಗೆ ತಕ್ಕಡಿ 100 ಗ್ರಾಂ ಹೆಚ್ಚು ತೋರಿಸಿತು. ಪದಕ ಕೈತಪ್ಪಿತು. ಮೇಲೆ ಏರುವುದೊಂದೇ ಅಪಾಯವೆಂದು ನಾವು ತಿಳಿದಿರುತ್ತೇವೆ. ತನ್ನದಲ್ಲದ ತೂಕದಲ್ಲಿ ದೇಹವನ್ನು ಹಿಡಿದಿಡುವುದೂ ಅಷ್ಟೇ ಅಪಾಯ.

ಆದ್ದರಿಂದ ನನ್ನ ಉತ್ತರ ಇಷ್ಟೆ. ಏರಬೇಕೋ ಇರಬೇಕೋ ಎಂಬುದನ್ನು ಹಸಿವನ್ನೂ ಪೆಟ್ಟನ್ನೂ ಸಹಿಸುವವರು ನಿರ್ಧರಿಸಬೇಕು, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕಣದ ಸುತ್ತ ಕುಳಿತವರಲ್ಲ. ಮೈ ಬೆಳೆದು ಹಳೆಯ ತೂಕ ಬಿಗಿಯಾದರೆ ಏರಲಿ. ಬಾಗಿಲೇ ಮೇಲಿದ್ದರೆ ಏರಲಿ. ತನ್ನ ಶಕ್ತಿಯ ಕೊನೆ ಕಾಣಬೇಕೆಂಬ ಆಸೆ ತನ್ನದೇ ಆಗಿದ್ದರೂ ಏರಲಿ. ಆದರೆ ಹೆಸರು ಉಳಿಯಲೆಂದು ಏರುವುದು ಬೇರೆಯವರ ನಾಲಿಗೆಯ ಮೇಲೆ ಮನೆ ಕಟ್ಟಿದಂತೆ. ಇಂದು ಹೊಗಳಿದ ನಾಲಿಗೆ ನಾಳೆ ಇನ್ನೂ ದೊಡ್ಡ ಜೋಡಿ ಕೇಳುತ್ತದೆ. ಹುಡುಗನಿಗೂ ಇದನ್ನೇ ಹೇಳಿದೆ. ಆದರೆ ಒಂದೇ ಸಲಕ್ಕೆ ಎಂಟು ಕೆ.ಜಿ. ಬೇಡ, ಗುರುಗಳನ್ನೂ ವೈದ್ಯರನ್ನೂ ಕೇಳಿ ನಿಧಾನವಾಗಿ ಮೈ ಕಟ್ಟು ಎಂದೆ. ಅಂದು ರಾತ್ರಿ ಮಗ ಎರಡು ರೊಟ್ಟಿ ಹೆಚ್ಚು ತಿಂದನೆಂದು ಆ ತಾಯಿ ಆಮೇಲೆ ಹೇಳಿದಳು. ಅವಳ ಹೆದರಿಕೆ ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲ, ತಾಯಿಯಲ್ಲವೆ?

ಓದುವ ಅಕ್ಕತಂಗಿಯರೇ, ಕೊನೆಗೊಂದು ಮಾತು. ಕುಸ್ತಿಯವರನ್ನು ಕಣಕ್ಕಿಳಿಸುವ ಮೊದಲು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ನಮ್ಮನ್ನು ಯಾರು ನಿಲ್ಲಿಸಿದ್ದಾರೆ? ಮನೆಗೆಲಸದ ಮೇಲೆ ನೌಕರಿ, ಅದರ ಮೇಲೆ ಹಾಸಿಗೆ ಹಿಡಿದ ಹಿರಿಯರ ಸೇವೆ. ಪ್ರತಿ ಸಲವೂ ‘ನಿನ್ನ ಕೈಲಿ ಆಗುತ್ತಮ್ಮ’ ಎಂಬ ಹೊಗಳಿಕೆಯೊಂದಿಗೆ ಮೇಲಿನ ತೂಕಕ್ಕೆ ತಳ್ಳುತ್ತಾರೆ. ಹೊರಬಲ್ಲವರು ಹೊರಲಿ, ಅದರಲ್ಲೂ ಒಂದು ಹೆಮ್ಮೆಯಿದೆ. ಆದರೆ ಮುಂದಿನ ಸಲ ಆ ಮಾತು ಕಿವಿಗೆ ಬಿದ್ದಾಗ ಹೂಂ ಎನ್ನುವ ಮೊದಲು, ಇದು ನನ್ನ ತೂಕವೇ ಎಂದು ಒಮ್ಮೆ ಕೇಳಿಕೊಳ್ಳಿ. ನಿಮ್ಮ ಮಗಳ ಮೇಲೆ ಹೊಸ ಭಾರ ಇಡುವಾಗ ಅವಳನ್ನೂ ಕೇಳಿ.