ಹಗ್ಗ ಮತ್ತು ಚೆಂಡು

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರಿಗೆ ನಾವು ಮಾಡುವ ಸಹಾಯ ನಿಜವಾಗಿ ಯಾರಿಗಾಗಿ? ಪ್ರಶ್ನೆ ಒರಟಾಗಿದೆ, ಗೊತ್ತು.

ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಒಳಗಾದವರು. ಮುಂದೆ ದಿನ ದೂಡುವುದು ಹೇಗೆಂದು ಹೇಳುವವರಿಲ್ಲದೆ, 1950ರ ದಶಕದಲ್ಲಿ ಅವರೇ 'ರೀಚ್ ಟು ರಿಕವರಿ' ಶುರುಮಾಡಿದರು. ಇದೇ ದಾರಿ ದಾಟಿದ ಹೆಂಗಸರು ಹೊಸ ರೋಗಿಯ ಹಾಸಿಗೆಯ ಪಕ್ಕ ಹೋಗಿ ಕೂರುತ್ತಿದ್ದರು. ಜೊತೆಗೊಂದು ಪೊಟ್ಟಣ: ಹಗ್ಗ, ರಬ್ಬರ್ ಚೆಂಡು, ಕೃತಕ ಸ್ತನ. ಆಗಿನ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಬಿಡುತ್ತಿದ್ದರು. ತೋಳು ಮೇಲೇಳುತ್ತಿರಲಿಲ್ಲ. ಹಗ್ಗ ಎಳೆದು, ಚೆಂಡು ಹಿಸುಕಿ ಅದನ್ನು ಮತ್ತೆ ಪಳಗಿಸಬೇಕಿತ್ತು.

1978ರಲ್ಲಿ ಅಮೆರಿಕದ ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್ ಅವರ ಬಳಿಗೂ ಇಂಥ ಒಬ್ಬ ಹೆಂಗಸು ಬಂದರು. ಲಾರ್ಡ್ ಕೃತಕ ಸ್ತನವನ್ನು ಒಲ್ಲೆ ಎಂದರು. ಕೆಲ ದಿನಗಳಲ್ಲಿ ವೈದ್ಯರ ಬಳಿ ಹೋದಾಗ ನರ್ಸ್ ಆಕ್ಷೇಪಿಸಿದರಂತೆ: ಹೀಗೆ ಬಂದರೆ ಇಲ್ಲಿರುವವರ ಮನೋಸ್ಥೈರ್ಯ ಕುಗ್ಗುತ್ತದೆ, ಧರಿಸಿಕೊಂಡೇ ಬನ್ನಿ ಎಂದು. 'ದ ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ಇದು ಬರುತ್ತದೆ.

ಹಗ್ಗ ರೋಗಿಗೆ, ಕೃತಕ ಸ್ತನ ನೋಡುವವರ ಕಣ್ಣಿಗೆ ಎಂದುಬಿಡುವುದು ಸುಲಭ. ಅದು ನ್ಯಾಯವಲ್ಲ. ಅಳುಕಿಲ್ಲದೆ ಬಸ್ಸು ಹತ್ತಲು ಎಷ್ಟೋ ಹೆಂಗಸರಿಗೆ ಅದು ಬೇಕು. ನನಗೆ ಚುಚ್ಚುವುದು ಅದರ ಹಿಂದೆ ಬರುವ ಷರತ್ತು: ನೀನು ಮೊದಲಿನಂತೆ ಕಾಣಿಸು, ನಮಗೆ ಭಯವಾಗುತ್ತದೆ.

ನಮ್ಮಲ್ಲಿ ಆ ಷರತ್ತು 'ಈಗ ಗುಣವಾಯ್ತಲ್ಲ' ಎಂಬ ಮಾತಿನಲ್ಲಿದೆ. ನನ್ನ ಚಿಕ್ಕಮ್ಮನಿಗೆ ಕೀಮೋ ನಡೆಯುವಾಗ ಮನೆ ತುಂಬ ಜನ, ಎಳನೀರು, ಹಣ್ಣು. ರೇಡಿಯೇಷನ್ ಮುಗಿದದ್ದೇ ಎಲ್ಲರೂ ನಿರಾಳ. ಅವಳ ಎಡತೋಳು ಊದಿಕೊಳ್ಳಲು ತೊಡಗಿದ್ದು ಆಮೇಲೆ. ಕೀಮೋದಿಂದ ಜೋಮು ಹಿಡಿದ ಬೆರಳುಗಳಿಗೆ ರವಿಕೆಯ ಹುಕ್ಕು ಸಿಗುತ್ತಿರಲಿಲ್ಲ. "ಏನಾದ್ರೂ ಬೇಕಿದ್ರೆ ಹೇಳಿ ಅಕ್ಕ" ಎಂದವರು ಹತ್ತಾರು ಜನ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಕೇಳುವ ಕೆಲಸವನ್ನು ಅದು ದಣಿದವಳ ಮೇಲೇ ಹೊರಿಸುತ್ತದೆ. ಹುಕ್ಕು ಹಾಕಿಕೊಡಿ ಎಂದು ಯಾರ ಮನೆ ಬಾಗಿಲಿಗೆ ಹೋಗುವುದು? ಇತ್ತ ಅಜ್ಜಿ ಅವಳನ್ನು ಅಡುಗೆಮನೆಗೇ ಬಿಡುತ್ತಿರಲಿಲ್ಲ. ತನ್ನ ಮನೆಯಲ್ಲೇ ನೆಂಟಳಾಗಿ ಕೂತಿದ್ದಳು.

ನಾನು ನೀತಿಶಾಸ್ತ್ರದ ವಿದ್ಯಾರ್ಥಿನಿ. ಸ್ವಾಯತ್ತತೆಯ ಬಗ್ಗೆ ನಾವು ಬರೆಯುವಾಗ ಅದು ಯಾರ ಹಂಗೂ ಇಲ್ಲದ ಸ್ಥಿತಿ ಎಂಬಂತೆ ಬರೆಯುತ್ತೇವೆ. ಅನಾರೋಗ್ಯದ ಮನೆಯಲ್ಲಿ ಹಂಗು ತಪ್ಪದು. ಬೇಡ ಅನ್ನಲು ಜಾಗ ಉಳಿದಿದೆಯೇ ಅನ್ನುವುದಷ್ಟೇ ಅಲ್ಲಿನ ಪ್ರಶ್ನೆ. ಲಾರ್ಡ್‌ಗೆ ಆ ನರ್ಸ್ ಬಿಡದೇ ಹೋದದ್ದು ಆ ಜಾಗವನ್ನು.

ಪಕ್ಕದ ಮನೆಯವರೊಬ್ಬರು ಮಾತ್ರ ಬಾಗಿಲಲ್ಲೇ ನಿಂತು, "ಗುರುವಾರ ಚೆಕಪ್ ಅಲ್ವಾ? ಏಳೂವರೆ ಬಸ್ಸಿಗೆ ನಾನೂ ಬರ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳಿ, ಬೇಜಾರಿಲ್ಲ" ಅನ್ನುತ್ತಿದ್ದರು. ಚಿಕ್ಕಮ್ಮ ಒಂದು ಸಲ ಬೇಡ ಅಂದಳು. ಮುಂದಿನ ಚೆಕಪ್ಪಿಗೂ ಅವರು ಬಂದು ಕೇಳಿದರು.